ಎಡಕ್ಕೆ ಇಕ್ಕಟ್ಟಾದ ಅಕ್ಷರಗಳು

ಅಂಗಡಿ ಬೋರ್ಡಿನ ಅಕ್ಷರ ಅಳೆಯಬೇಕಾದರೆ ಮೊದಲು ಬೇಕಾಗುವುದು ಏಣಿ. ಸ್ಕೇಲು, ಕ್ಯಾಮೆರಾ, ಟ್ರೇಸಿಂಗ್ ಹಾಳೆ ಎಲ್ಲ ಆಮೇಲಿನ ಮಾತು. ಏಣಿ ಕೊಡುವವರು ಸಿಗಬೇಕು, ಕೊಟ್ಟವರೇ ಅದನ್ನು ಹಿಡಿದುಕೊಂಡು ನಿಲ್ಲಬೇಕು. ಸೀರೆ ಉಟ್ಟ ಹೆಂಗಸೊಬ್ಬಳು ಬಜಾರಿನ ನಡುವೆ ಏಣಿ ಹತ್ತಿ ‘ಹಿಟ್ಟಿನ ಗಿರಣಿ’ಯ ‘ಗಿ’ಗೆ ಟೇಪು ಹಿಡಿಯುವುದನ್ನು ನೋಡಲು ನೆರೆದವರಿಗೆಲ್ಲ ಉತ್ತರ ಹೇಳಬೇಕು.

“ಕರೆಂಟಿನೋರೇನ್ರಿ?”

“ಅಲ್ರಿ, ಅಕ್ಷರ ಅಳಿಯಾಕತ್ತೀನಿ.”

“ಅಕ್ಷರ ಅಳದು ಏನ್ ಮಾಡ್ತೀರಿ?”

ನಾನು ಏಣಿ ಇಳಿದು ಉತ್ತರ ಹೇಳುವಷ್ಟರಲ್ಲಿ ಜನ ತಮ್ಮದೇ ಉತ್ತರ ಕಟ್ಟಿಕೊಂಡಿರುತ್ತಿದ್ದರು. ಕೊಟ್ಟೂರಿನಲ್ಲಂತೂ ಬೋರ್ಡಿಗೆ ತೆರಿಗೆ ಹಾಕಲು ಬಂದವಳು ಎಂಬ ಸುದ್ದಿ ಹಬ್ಬಿ, ನಾನು ಬೀದಿಯ ಈ ತುದಿಯಲ್ಲಿರುವಾಗಲೇ ಆ ತುದಿಯ ಇಬ್ಬರು ಬೋರ್ಡು ಬಿಚ್ಚಿ ಒಳಗಿಟ್ಟುಕೊಂಡರು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು, ಮನೆ ಹೂವಿನಹಡಗಲಿಯಲ್ಲಿ. ದೃಶ್ಯಕಲೆಯಲ್ಲಿ ಪಿಎಚ್.ಡಿ. ಮಾಡುವ ಆಸೆ ಹುಟ್ಟಿದ್ದು ತಲೆಗೂದಲು ಬೆಳ್ಳಗಾಗಲು ಶುರುವಾದ ಮೇಲೆ. ನಮ್ಮ ಸುತ್ತಲಿನ ಐದು ತಾಲ್ಲೂಕುಗಳಲ್ಲಿ ಕೈಯಿಂದ ಬರೆದ ಬೋರ್ಡುಗಳ ಕನ್ನಡ ಅಕ್ಷರ ವಿನ್ಯಾಸ ನನ್ನ ವಿಷಯ. ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಕೈ ಕಟ್ಟಿಹಾಕಿದ್ದರೂ ತಗಡಿನ ಮೇಲಿನ ಹಳೆಯ ಎನಾಮೆಲ್ ಬಣ್ಣ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಸೈಕಲ್ ಶಾಪು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿ, ಎಲ್ಲೆಲ್ಲೂ ಅದು ಇನ್ನೂ ಇತ್ತು. ಭಾನುವಾರಗಳನ್ನೂ ಎರಡು ಬೇಸಿಗೆ ರಜೆಗಳನ್ನೂ ಅದಕ್ಕೇ ಸುರಿದೆ.

ಕೆಲಸ ಹೀಗೆ: ಮೊದಲು ಬೋರ್ಡಿಗೆ ನೇರವಾಗಿ ನಿಂತು ಫೋಟೋ. ಆಮೇಲೆ ಏಣಿ ಹತ್ತಿ ತಗಡಿನ ಮೇಲೆ ಟ್ರೇಸಿಂಗ್ ಹಾಳೆ ಹಚ್ಚಿ ಪ್ರತಿ ಅಕ್ಷರದ ಅಂಚು ಎಳೆದುಕೊಳ್ಳುವುದು. ಬಿಸಿಲಿಗೆ ಕಾದ ತಗಡು ಮೊಣಕೈ ಸುಡುತ್ತಿತ್ತು. ಬೆವರಿಗೆ ಹಾಳೆ ಸುರುಟಿಕೊಳ್ಳುತ್ತಿತ್ತು. ಮನೆಗೆ ಬಂದು ಒಂದೊಂದು ಅಕ್ಷರದ ಅಗಲ, ಎತ್ತರ, ಪಕ್ಕದ ಅಕ್ಷರಕ್ಕೆ ಬಿಟ್ಟ ಸಂದು ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದಿಡುವುದು. ಕಣ್ಣು ಉರಿಯುವ ಕೆಲಸ. ನಮ್ಮ ಮನೆಯವರು ಒಮ್ಮೆ ಊಟಕ್ಕೆ ಕೂತವರು, “ನಿನ್ನ ‘ಗಿ’ ಎಷ್ಟ್ ಬೆಳೀತ?” ಅಂತ ಕೇಳಿದರು. ನಗು ಬರಲಿಲ್ಲ.

ಅಳೆಯುತ್ತ ಹೋದಂತೆ ಒಂದು ಕೈ ನನಗೆ ಗುರುತು ಹತ್ತಿತು. ಕೂಡ್ಲಿಗಿಯಲ್ಲಿ, ಕೊಟ್ಟೂರಿನಲ್ಲಿ, ನಮ್ಮ ಹಡಗಲಿಯ ಹೂವಿನ ಮಂಡಿಯಲ್ಲಿ ಕೂಡ ಅದೇ ಕೈ. ತಲೆಕಟ್ಟು ಕೊಕ್ಕರೆಯ ಕತ್ತಿನ ಹಾಗೆ ತಿರುಗುತ್ತಿತ್ತು, ಕೊಂಬುಗಳು ತುಂಬಿಕೊಂಡಿರುತ್ತಿದ್ದವು. ವಿಚಾರಿಸಿದರೆ ಎಲ್ಲರೂ ಕೂಡ್ಲಿಗಿಯ ಒಬ್ಬ ಉಸ್ತಾದರ ಹೆಸರು ಹೇಳಿದರು. ಬಸ್ ಸ್ಟ್ಯಾಂಡಿನಾಚೆಯ ಓಣಿಯಲ್ಲಿ ತಗಡಿನ ಶೆಡ್ಡು, ಅದಕ್ಕೊಂದು ಬಾಗಿಲು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಉಗುರುಗಳ ಸಂದಿಯಲ್ಲಿ ಎಂದೂ ಹೋಗದ ಕೆಂಪು.

ಅವರಿಗೆ ಒಂದೇ ಒಂದು ಹಟ. ಬರೆಯುವಾಗ ಯಾರೂ ನೋಡುವಂತಿಲ್ಲ. ಗೋಡೆಯ ಮೇಲೆ ಬರೆಯುವ ಕೆಲಸ ಒಪ್ಪುತ್ತಿರಲಿಲ್ಲ. ಬೋರ್ಡು ಶೆಡ್ಡಿಗೇ ಬರಬೇಕು, ಬಾಗಿಲು ಹಾಕಬೇಕು.

“ನಿಂತ್ ನೋಡಿದ್ರ ಕೈ ನಡಗತೈತಿ ಟೀಚರಮ್ಮ. ಮುಗದ ಮ್ಯಾಲ ಬರ್ರಿ, ಚಾ ಕುಡೀತ ಎಷ್ಟ್ ಬೇಕಾದ್ರೂ ನೋಡ್ರಿ” ಅನ್ನುತ್ತಿದ್ದರು.

ಉಳಿದದ್ದನ್ನೆಲ್ಲ ಧಾರಾಳವಾಗಿ ಹೇಳಿಕೊಟ್ಟರು. ತಗಡಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಮೊದಲು, ಅದು ಒಣಗಿದ ಮೇಲೆ ನೆಲದ ಬಣ್ಣ ಎರಡು ಸಲ, ಸೀಮೆಸುಣ್ಣ ಹಚ್ಚಿದ ದಾರವನ್ನು ಎಳೆದು ಬಿಟ್ಟು ಮೇಲೊಂದು ಕೆಳಗೊಂದು ಗೆರೆ. ಅಕ್ಷರಗಳ ಗುರುತು ಮಾತ್ರ ಹಾಕುವುದಿಲ್ಲ. “ಅಳತಿ ಕಣ್ಣಾಗ ಐತಿ” ಅನ್ನುತ್ತಿದ್ದರು. ತುದಿಗೆ ಬಟ್ಟೆ ಸುತ್ತಿದ ಉದ್ದನೆಯ ಕೋಲೊಂದನ್ನು ಬೋರ್ಡಿಗೆ ಅಡ್ಡ ಹಿಡಿದು ಅದರ ಮೇಲೆ ಮಣಿಕಟ್ಟು ಇಟ್ಟು ಬರೆಯುತ್ತಾರಂತೆ. ಬೇರೆ ಊರಿನ ಪೇಂಟರುಗಳು ಕಿರುಬೆರಳನ್ನೇ ತಗಡಿಗೆ ಊರಿ ಬರೆಯುತ್ತಾರೆ, ಇವರಿಗೇಕೆ ಕೋಲು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ‘ಸಾಂಪ್ರದಾಯಿಕ ಉಪಕರಣ’ ಎಂದು ಬರೆದುಕೊಂಡು ಕೋಲಿನ ಫೋಟೋ ತೆಗೆದೆ.

ಅವರ ಬೋರ್ಡುಗಳಲ್ಲಿ ವಿಚಿತ್ರವೊಂದಿತ್ತು. ಹಗರಿಬೊಮ್ಮನಹಳ್ಳಿಯ ಗೊಬ್ಬರದಂಗಡಿಯ ಬೋರ್ಡಿನಲ್ಲಿ ಅದು ಮೊದಲು ಕಣ್ಣಿಗೆ ಹೊಡೆಯಿತು. ನಮ್ಮ ಸ್ಕೂಲಿರುವ ಆ ಊರ ಹೆಸರೇ ಬೋರ್ಡು ಬರೆಯುವವರ ಶತ್ರು, ಎಂಟು ಅಕ್ಷರ. ಬೇರೆಯವರು ಬರೆದಲ್ಲಿ ‘ಹಗರಿ’ ದರ್ಬಾರಿನಿಂದ ಶುರುವಾಗಿ ಕೊನೆಯ ‘ಹಳ್ಳಿ’ ಜಾಗವಿಲ್ಲದೆ ಅಂಚಿಗೆ ಒರಗಿಕೊಂಡಿರುತ್ತದೆ. ಉಸ್ತಾದರ ಬೋರ್ಡಿನಲ್ಲಿ ತಿರುವುಮುರುವು. ‘ಹಳ್ಳಿ’ ಕಾಲು ಚಾಚಿ ಕೂತಿತ್ತು, ‘ಹಗರಿ’ ನಮ್ಮ ಹಗರಿ ಹೊಳೆಯ ಹಾಗೆಯೇ ಬತ್ತಿ ಗೆರೆಯಾಗಿತ್ತು. ಹಳೆಯ ಟ್ರೇಸಿಂಗುಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಅಷ್ಟೇ. ಅಕ್ಷರಗಳು ಎಡಕ್ಕೆ ಹೋದಷ್ಟೂ ಇಕ್ಕಟ್ಟು.

ನನ್ನ ಮಾರ್ಗದರ್ಶಕರು ಟ್ರೇಸಿಂಗುಗಳನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. “ಎಡಗಡೆ ಏನಿರುತ್ತೆ ಬೋರ್ಡಿನಲ್ಲಿ?” ಎಂದು ಕೇಳಿದರು. ದೇವರ ಚಿತ್ರ ಇರುತ್ತದೆ ಎಂದೆ. ನಮ್ಮ ಕಡೆ ಬೋರ್ಡಿನ ಎಡಮೂಲೆಯಲ್ಲಿ ಮನೆದೇವರನ್ನು ಬರೆಸುವುದು ರೂಢಿ. ಅಷ್ಟು ಸಾಕಾಯಿತು. ಅಕ್ಷರಗಳು ದೇವರ ಹತ್ತಿರ ಬಂದಂತೆ ಮೈ ಕುಗ್ಗಿಸಿಕೊಳ್ಳುತ್ತವೆ, ಇದು ಭಕ್ತಿಯ ವಿನ್ಯಾಸ ಎಂಬ ವಾದ ಆ ಮಧ್ಯಾಹ್ನ ಹುಟ್ಟಿತು. ಮುಸ್ಲಿಂ ಕಲಾವಿದನ ಕೈಯಲ್ಲಿ ಹಿಂದೂ ದೇವರಿಗೆ ದಾರಿ ಬಿಡುವ ಕನ್ನಡ ಅಕ್ಷರ! ಮಾರ್ಗದರ್ಶಕರ ಕಣ್ಣು ಮಿಂಚಿತು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣೂ ಮಿಂಚಿತು. “ಇದೇ ನಿಮ್ಮ ಪ್ರಬಂಧದ ಕಿರೀಟ” ಎಂದರು. ಸೆಮಿನಾರೊಂದರಲ್ಲಿ ಅದನ್ನೇ ಮಂಡಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದೆ.

ದೇವರ ಚಿತ್ರವೇ ಇಲ್ಲದ ಬೋರ್ಡುಗಳೂ ಇದ್ದವು. ಅವುಗಳಲ್ಲೂ ಅಕ್ಷರ ಎಡಕ್ಕೇ ಇಕ್ಕಟ್ಟು. ಕಂಪ್ಯೂಟರಿನಲ್ಲಿ ‘ಅಪವಾದ’ ಎಂಬ ಫೋಲ್ಡರು ಮಾಡಿ ಅವನ್ನು ಅದರೊಳಗೆ ತಳ್ಳಿದೆ. ಫೋಲ್ಡರು ದಪ್ಪಗಾಗುತ್ತ ಹೋಯಿತು, ನಾನು ತೆರೆದು ನೋಡಲಿಲ್ಲ.

ಇನ್ನೊಂದು ಬೋರ್ಡಿನ ಕಥೆ ಹೇಳಬೇಕು. ಕೂಡ್ಲಿಗಿಯ ಟೇಲರೊಬ್ಬರ ಅಂಗಡಿಯ ಮೇಲೆ ಉಸ್ತಾದರು ಬರೆದ ಹಳೆಯ ತಗಡಿದೆ. ಟೇಲರ ಹೆಸರು, ಕೆಳಗೆ ‘ಪ್ಯಾಂಟು ಶರ್ಟು ಹೊಲಿಯಲಾಗುವುದು’, ಅದರ ಕೆಳಗೆ ಅಷ್ಟೇ ಅಂದವಾಗಿ, ಥಳಥಳ ಹಳದಿ ಬಣ್ಣದಲ್ಲಿ ‘ಹಳದಿ ಬ್ಯಾಡ’. ಬೋರ್ಡಿನ ಒಕ್ಕಣೆಯನ್ನು ಚೀಟಿಯಲ್ಲಿ ಬರೆದು ಕಳಿಸಿದ ಟೇಲರು ಕೆಳಗೆ ಬಣ್ಣದ ಸೂಚನೆಯನ್ನೂ ಬರೆದಿದ್ದರಂತೆ. ಉಸ್ತಾದರು ಅದನ್ನೂ ಬರೆದುಬಿಟ್ಟರು, ಅದೂ ಹಳದಿಯಲ್ಲೇ. ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಉಸ್ತಾದರ ಕುಚೇಷ್ಟೆ ಎಂದು ಹೆಸರಾಯಿತು. ಟೇಲರು ಬೋರ್ಡು ಬದಲಿಸಲೇ ಇಲ್ಲ. ಇವತ್ತಿಗೂ ಅವರು ಊರಿಗೆಲ್ಲ ‘ಹಳದಿ ಬ್ಯಾಡ ಟೇಲರು’. ನಾನು ಇದನ್ನು ‘ಜಾನಪದ ಕಲಾವಿದನ ಸ್ವವಿಡಂಬನೆ’ ಎಂಬ ತಲೆಬರಹದಡಿ ಒಂದೂವರೆ ಪುಟ ಬರೆದೆ.

ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂದಾಗ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬಂತು. ಜೀವಂತ ಕಲಾವಿದರ ಕೆಲಸವನ್ನು ಬಳಸಿದ್ದರೆ ಪ್ರತಿಯೊಬ್ಬರಿಂದಲೂ ಸಮ್ಮತಿ ಪತ್ರ ಬೇಕು. ಅವರು ಅದನ್ನು ಓದಿ ಅರ್ಥ ಮಾಡಿಕೊಂಡು ಸಹಿ ಮಾಡಿರಬೇಕು. ಎರಡು ಪುಟದ ಮುದ್ರಿತ ನಮೂನೆ. ‘ಸದರಿ ಸಂಶೋಧನೆಯಲ್ಲಿ ಭಾಗಿಯಾಗಲು ಯಾವುದೇ ಒತ್ತಾಯವಿಲ್ಲದೆ’ ಎಂಬಂಥ ಕನ್ನಡ. ಅವಧಿ ವಿಸ್ತರಣೆಗಳೆಲ್ಲ ನನಗೆ ಮುಗಿದಿದ್ದವು. ಉಳಿದಿದ್ದ ಎರಡು ತಿಂಗಳು ದಾಟಿದರೆ ನೋಂದಣಿಯೇ ರದ್ದು. ನಾಲ್ಕನೇ ಅಧ್ಯಾಯವೆಲ್ಲ ಉಸ್ತಾದರದ್ದೇ. ಅವರ ಸಹಿ ಇಲ್ಲದಿದ್ದರೆ ಅದನ್ನು ಕಿತ್ತುಹಾಕಬೇಕು, ಅದನ್ನು ಕಿತ್ತರೆ ಪ್ರಬಂಧದಲ್ಲಿ ಉಳಿಯುವುದು ಏಣಿಯ ಕಥೆ ಮಾತ್ರ.

ಉಳಿದ ಪೇಂಟರುಗಳು ನಿಂತ ನಿಲುವಿನಲ್ಲೇ ಸಹಿ ಹಾಕಿದರು. ಹರಪನಹಳ್ಳಿಯವರೊಬ್ಬರು ಓದದೆಯೇ, “ಎಲ್ ಹಾಕ್ಬೇಕು ಹೇಳ್ರಿ, ಗಿರಾಕಿ ಕಾಯ್ತಾ ಇದಾರೆ” ಎಂದರು. ಉಸ್ತಾದರು ಮಾತ್ರ ನಮೂನೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಇಟ್ ಹೋಗ್ರಿ. ನೋಡಿ ಹೇಳ್ತೀನಿ” ಅಂದರು.

ಎರಡನೇ ಸಲ ಹೋದಾಗ ಕನ್ನಡಕ ಒಡೆದಿತ್ತು. ಮೂರನೇ ಸಲ ರಂಜಾನಿನ ರೋಜಾ ನಡೆದಿತ್ತು, ಹಬ್ಬ ಮುಗಿಯಲಿ ಎಂದರು. ನಾಲ್ಕನೇ ಸಲ ನಮೂನೆಯ ಮೇಲೆ ಟರ್ಪಂಟೈನ್ ಚೆಲ್ಲಿ ಅಕ್ಷರ ಕಲಸಿಹೋಗಿತ್ತು. ಇನ್ನೊಂದು ಕೊಟ್ಟು ಬಂದೆ. ಹಡಗಲಿಯಿಂದ ಹೊರಟು ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಎರಡು ವರ್ಷದ ಕೆಲಸಕ್ಕಿಂತ ಆ ಎರಡು ಹಾಳೆ ಭಾರವಾದವು. ಯಾರೋ ಇವರ ಕಿವಿ ಕಚ್ಚಿದ್ದಾರೆ, ನಾನು ಇವರ ಅಕ್ಷರ ಮಾರಿಕೊಳ್ಳುತ್ತೇನೆಂದು ಹೆದರಿದ್ದಾರೆ ಎಂದೆಲ್ಲ ಅನುಮಾನಿಸಿದೆ.

ಐದನೇ ಸಲ ಹೋದಾಗ ನಮೂನೆ ನಾನಿಟ್ಟಲ್ಲೇ, ಬಣ್ಣದ ಡಬ್ಬಿಯ ಕೆಳಗೆ, ಹಾಗೇ ಇತ್ತು. ನನ್ನ ತಾಳ್ಮೆ ತಪ್ಪಿತು.

“ಎರಡ್ ಪುಟ ಓದಾಕ ಎರಡ್ ತಿಂಗಳ ಬೇಕೇನ್ರಿ ಉಸ್ತಾದ್ರ? ಸೋಮವಾರ ಕಳದ್ರ ನನ್ನ ಓದು ಮುಗೀತು. ಓದಾಕ ಬರಂಗಿಲ್ಲೇನ್ ಮತ್ತ ನಿಮಗ?”

ಸಿಟ್ಟಿನಲ್ಲಿ ಆಡಿದ ಕುಹಕದ ಮಾತು ಅದು, ಬೇರೆ ಅರ್ಥವೇನೂ ಇರಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಡಬ್ಬಿ ಸರಿಸಿ ಹಾಳೆ ತೆಗೆದು ಧೂಳು ಕೊಡವಿದರು.

“ನಿಮ್ಮ ಓದು ನನ್ನಿಂದ ನಿಲ್ಲಬಾರ್ದು ಟೀಚರಮ್ಮ. ಎಲ್ಲೆ ಹಾಕ್ಲಿ?”

ಚುಕ್ಕಿ ಗೆರೆ ತೋರಿಸಿದೆ. ನನ್ನ ಪೆನ್ನು ತೆಗೆದುಕೊಂಡರು. ಪೆನ್ನು ಗೆರೆಯ ಬಲ ತುದಿಗೆ ಹೋಯಿತು. ಸಹಿ ಅಲ್ಲಿರಬೇಕೇನೋ ಅಂದುಕೊಂಡೆ. ಅಲ್ಲಿ ಅವರ ಹೆಸರಿನ ಕೊನೆಯ ಅಕ್ಷರ ಬಂತು. ಅದರ ಎಡಕ್ಕೆ ಅದರ ಹಿಂದಿನದು. ಹೀಗೆ ಒಂದೊಂದಾಗಿ, ಅದೇ ಕೊಕ್ಕರೆ ಕತ್ತಿನ ತಲೆಕಟ್ಟಿನೊಂದಿಗೆ, ಹೆಸರು ಹಿಂದಿನಿಂದ ಮುಂದಕ್ಕೆ ನಡೆದು ಬಂತು. ಮೊದಲ ಅಕ್ಷರಕ್ಕೆ ಗೆರೆಯಲ್ಲಿ ಜಾಗ ಸಾಲಲಿಲ್ಲ. ಅದನ್ನು ತೆಳ್ಳಗೆ ಮಾಡಿ ತುರುಕಿ ಪೆನ್ನು ಮುಚ್ಚಿದರು.

ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು, ಅವರ ಹೆಂಡತಿ ತಂದ ಚಹಾ ಕುಡಿದು ಹೊರಟೆ. ಚಹಾದ ರುಚಿ ನೆನಪಿಲ್ಲ.

ಮನೆಗೆ ಬಂದವಳೇ ‘ಅಪವಾದ’ ಫೋಲ್ಡರು ತೆರೆದೆ. ಫೋಟೋಗಳನ್ನು ದೊಡ್ಡದು ಮಾಡುತ್ತ ಹೋದೆ. ಎನಾಮೆಲ್ ದಪ್ಪ ಬಣ್ಣ, ಒಂದರ ಮೇಲೊಂದು ಹತ್ತಿದರೆ ಅಂಚು ಎದ್ದು ಕಾಣುತ್ತದೆ. ಗೊಬ್ಬರದಂಗಡಿಯ ಬೋರ್ಡಿನಲ್ಲಿ ‘ಮ್ಮ’ದ ಒತ್ತಿನ ಬಾಲ ಪಕ್ಕದ ‘ನ’ದ ಮೇಲೆ ಹತ್ತಿ ಕೂತಿತ್ತು. ಅಂದರೆ ‘ನ’ ಮೊದಲು ಬರೆದದ್ದು, ‘ಮ್ಮ’ ಆಮೇಲೆ. ಎಲ್ಲ ಬೋರ್ಡಿನಲ್ಲೂ ಎಡದ್ದು ಬಲದ್ದರ ಮೇಲೆ. ಕೋಲು ಯಾಕೆ ಬೇಕಿತ್ತೆಂಬುದೂ ಈಗ ತಿಳಿಯಿತು. ಬಲದಿಂದ ಬರೆಯುತ್ತ ಬರುವ ಬಲಗೈ ಹಸಿ ಬಣ್ಣದ ಮೇಲೆಯೇ ಆಡಬೇಕಲ್ಲ, ಅದು ಒರೆಸಿಹೋಗದಿರಲು ಆ ಕೋಲು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಈ ಫೋಟೋಗಳನ್ನು ಎರಡು ವರ್ಷ ಕೈಯಲ್ಲೇ ಇಟ್ಟುಕೊಂಡು ದೇವರಿಗೆ ದಾರಿ ಬಿಡುವ ಅಕ್ಷರವೆಂದು ಊರೂರು ಸಾರಿದ್ದೆ. ದೇವರೂ ಇಲ್ಲ, ಭಕ್ತಿಯೂ ಇಲ್ಲ. ಎಡಕ್ಕೆ ಬರುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು, ಅಷ್ಟೇ.

ಆಮೇಲೆ ‘ಹಳದಿ ಬ್ಯಾಡ’ ನೆನಪಾಯಿತು. ಅದು ಚೇಷ್ಟೆಯಲ್ಲ, ಚೀಟಿಯ ಅಕ್ಷರಗಳನ್ನು ಓದಲಾಗದೆ ಆಕಾರ ನೋಡಿ ಎತ್ತಿ ಬರೆದದ್ದು. ನನ್ನ ಒಂದೂವರೆ ಪುಟದ ಸ್ವವಿಡಂಬನೆ ನೆನಪಾಯಿತು. “ಓದಾಕ ಬರಂಗಿಲ್ಲೇನ್ ಮತ್ತ” ಎಂದದ್ದು ನೆನಪಾಗಿ ಕಿವಿ ಬಿಸಿಯಾದವು. ನಾಚಿಕೆಯೆಂಬುದು ಮೈಗೆ ಬರುವ ಜ್ವರದ ಹಾಗೆ ಎಂದು ಆಗ ಗೊತ್ತಾಯಿತು. ಎದ್ದು ನೀರು ಕುಡಿದರೂ ಇಳಿಯುವುದಿಲ್ಲ.

ಮಾರನೇ ದಿನ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಸಹಿ ಸಿಕ್ಕಿದೆ ಎಂದಾಗ ಖುಷಿಪಟ್ಟರು. ಉಸ್ತಾದರಿಗೆ ಕನ್ನಡ ಓದಲು ಬಾರದೆಂಬುದನ್ನೂ ಹೇಳಿದೆ.

“ಎರಡು ದಾರಿ ಇವೆ” ಎಂದರು. “ಗೊತ್ತೇ ಆಗಲಿಲ್ಲ ಅಂದುಕೊಂಡು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿ. ಅಥವಾ ಹೊಸದನ್ನು ಬರೆಯಿರಿ. ಬರೆದರೆ ಇದು ಇನ್ನೂ ದೊಡ್ಡ ಶೋಧ. ಓದಲು ಬಾರದ ಲಿಪಿಯಲ್ಲಿ ಜೀವಮಾನವಿಡೀ ಬರೆದವರು! ಸಹಿಯಂತೂ ನಿಮ್ಮ ಕೈಯಲ್ಲಿದೆ.”

ನಿಜ, ಸಹಿ ಕೈಯಲ್ಲಿತ್ತು. ‘ಮೇಲ್ಕಂಡ ವಿವರಗಳನ್ನು ಓದಿ ಅರ್ಥ ಮಾಡಿಕೊಂಡು’ ಎಂಬ ಸಾಲಿನ ಕೆಳಗೆ.

ಶನಿವಾರ ಅರ್ಧ ದಿನ ರಜೆ ಹಾಕಿ ಮತ್ತೆ ಬಸ್ಸು ಹತ್ತಿದೆ. ಏನು ಮಾಡಬೇಕೆಂದು ತೀರ್ಮಾನವಾಗಿರಲಿಲ್ಲ. ಪಕ್ಕದ ಸೀಟಿನಲ್ಲಿ ಮಲ್ಲಿಗೆ ಮೊಗ್ಗಿನ ಬುಟ್ಟಿ ಇತ್ತು, ಕೊಟ್ಟೂರಿನವರೆಗೂ ಅದರ ಮೇಲೆ ಹೊದಿಸಿದ ಒದ್ದೆ ಬಟ್ಟೆ ನೋಡುತ್ತ ಕೂತಿದ್ದೆ. ಕೂಡ್ಲಿಗಿಯಲ್ಲಿ ಇಳಿದವಳು ನೇರ ಶೆಡ್ಡಿಗೆ ಹೋಗುವ ಧೈರ್ಯವಾಗದೆ ಟೇಲರ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಟೇಲರು ಗುಂಡಿ ಹಚ್ಚುತ್ತಿದ್ದರು.

“ಬೋರ್ಡಿನ ಚೀಟಿ ಕಳಸೋವಾಗ ಈಗೂ ಬಣ್ಣ ಬರದು ಕಳಸ್ತಾರೇನ್ರಿ ಊರಾಗ?” ಎಂದು ಸುತ್ತಿಬಳಸಿ ಕೇಳಿದೆ.

“ಯಾರೂ ಬರ್ಯಂಗಿಲ್ರಿ. ಬೋರ್ಡಿನ್ಯಾಗ ಏನ್ ಬರಬೇಕೋ ಅಷ್ಟ ಚೀಟ್ಯಾಗ. ಉಳದದ್ದೆಲ್ಲ ಬಾಯಾಗ ಹೇಳಬೇಕು. ಈ ಬೋರ್ಡ್ ಏರಿದಾಗಿಂದ ಹಂಗ ನಡದೈತಿ.”

“ಯಾಕ್ರಿ?”

ಟೇಲರು ದಾರ ಹಲ್ಲಿನಿಂದ ಕಡಿದರು. “ಯಾಕ ಅಂತ ನಿಮಗೂ ಗೊತ್ತಾದಂಗೈತಿ, ಅದಕ ಇಲ್ಲೆ ಕುಂತೀರಿ. ನಕ್ಕಿದ್ದು ಒಂದ್ ದಿನ ರೀ. ಮರುದಿನ ಅವ್ರು ಶೆಡ್ ತೆಗೀಲಿಲ್ಲ, ಅದರ ಮರುದಿನಾನೂ ತೆಗೀಲಿಲ್ಲ. ಆವಾಗ ಎಲ್ಲಾರ್ಗೂ ತಿಳೀತು. ಅವತ್ತಿಂದ ಉಸ್ತಾದ್ ಚೇಷ್ಟಿ ಮಾಡ್ಯಾನ ಅಂತ ನಾವ ಹೇಳ್ಕೋತ ಬಂದೀವಿ. ಬೋರ್ಡ್ ಯಾಕ ತೆಗೀಲಿಲ್ಲ ಅಂತೀರಿ? ತೆಗದ್ರ ತಪ್ಪಾಗೈತಿ ಅಂದಂಗ ಆಗ್ತಿತ್ತು.”

ಇಡೀ ಊರು ಇಷ್ಟು ವರ್ಷ ಮುಚ್ಚಿಟ್ಟುಕೊಂಡು ಬಂದದ್ದನ್ನು ನಾನು ಅಡಿಟಿಪ್ಪಣಿ ಸಮೇತ ಅಚ್ಚು ಹಾಕಿಸಲು ಹೊರಟಿದ್ದೆ. ದಣಿವೆಂದರೆ ಹೀಗಿರುತ್ತದೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಏಳುವುದೂ ಬೇಡ, ಕೂರುವುದೂ ಬೇಡ ಅನ್ನಿಸಿತು. ಎಲ್ಲ ಬಿಟ್ಟುಬಿಡೋಣ, ಡ್ರಾಯಿಂಗ್ ಟೀಚರಿಗೆ ಡಾಕ್ಟರ್ ಪದವಿ ಯಾಕೆ ಬೇಕು ಅಂತಲೂ ಅನ್ನಿಸಿತು. ಆದರೆ ಬಿಟ್ಟರೂ ಚೀಲದಲ್ಲಿದ್ದ ಹಾಳೆ ಹಾಗೇ ಉಳಿಯುತ್ತಿತ್ತು. ಓದದೆ ಹಾಕಿದ ಸಹಿ ಅದು, ಮತ್ತು ಅದು ನನಗೆ ಗೊತ್ತು.

ಎದ್ದು ಶೆಡ್ಡಿಗೆ ಹೋದೆ. ಉಸ್ತಾದರು ಬ್ರಷ್ ತೊಳೆಯುತ್ತಿದ್ದರು.

“ಈ ಪತ್ರ ನಾನ ಓದಿ ಹೇಳಬೇಕಿತ್ತು ಉಸ್ತಾದ್ರ, ಹೇಳ್ಲಿಲ್ಲ. ತಪ್ಪು ನಂದು. ಈಗ ಓದ್ತೀನಿ, ಕೇಳ್ರಿ. ಬ್ಯಾಡ ಅನ್ನಿಸಿದ್ರ ಹರದ ಹಾಕೂನು.”

ಅವರು ಬ್ರಷ್ ಕೆಳಗಿಟ್ಟರು. ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು. ನಾನು ಎರಡು ಪುಟವನ್ನೂ ಓದಿದೆ, ಒಂದೊಂದು ಸಾಲನ್ನೂ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ಹೆಸರು, ಕೆಲಸದ ರೀತಿ ಎಲ್ಲ ಪ್ರಕಟವಾಗುತ್ತದೆ ಎಂಬ ಸಾಲನ್ನು ಎರಡು ಸಲ ಓದಿದೆ. ತಗಡು ಬಿಸಿಲಿಗೆ ಟಣ್ ಟಣ್ ಎನ್ನುತ್ತಿತ್ತು.

“ಅವತ್ತ ಸೈ ಹಾಕೋವಾಗ ನೋಡಿದ್ರಿ” ಎಂದರು.

“ನೋಡಿದೆ.”

“ಏನಂತ ಬರೀತೀರಿ? ಉಸ್ತಾದಗ ಓದಾಕ ಬರಂಗಿಲ್ಲ ಅಂತ?”

ನಾನು ತಲೆ ತಗ್ಗಿಸಿದೆ.

“ಓದಾಕ ಬರ್ತೈತಿ ಟೀಚರಮ್ಮ ನನಗ.” ಧ್ವನಿ ಏರಿತ್ತು. “ಉರ್ದು ಸಾಲ್ಯಾಗ ಏಳನೇತ್ತಾ ಓದೀನಿ. ದಿನಾ ಪೇಪರ್ ಓದ್ತೀನಿ. ಕನ್ನಡ ನನಗ ಬಾಯಾಗ ಐತಿ, ಕೈಯಾಗ ಐತಿ. ಕಣ್ಣಾಗ ಇಲ್ಲ ಅಷ್ಟ. ನನ್ನ ಉಸ್ತಾದ್ ಒಂದೊಂದ್ ಅಕ್ಷರ ಗಿಣಿ ಬರದಂಗ, ನವಲ ಬರದಂಗ ಬರದು ತೋರಿಸಿದ್ರು. ಹಂಗ ಕಲ್ತೆ. ಗಿಣಿ ಬರ್ಯಾಂವಗ ಗಿಣಿ ಮಾತು ಬರಬೇಕೇನ್ರಿ?”

“ಮತ್ತ ಹೆಂಗ ಬರೀಲಿ ಹೇಳ್ರಿ.”

ಅವರು ಯೋಚಿಸಿದರು. “ಬಲಗಡಿಯಿಂದ ಬರೀತಾನ ಅಂತ ಬರೀರಿ. ಅದು ಖರೇ ಐತಿ. ಓದಾಕ ಬರಂಗಿಲ್ಲ ಅನ್ನೋದು ಖರೇ ಅಲ್ಲ. ಎರಡೂ ಒಂದ ಅಂತ ತಿಳದಿದ್ರ ನೀವು ಏನ್ ಓದಿದ್ರಿ?”

ಮಾರ್ಗದರ್ಶಕರಾಗಲಿ, ಸೆಮಿನಾರಿನ ಸಭೆಯಾಗಲಿ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಅದನ್ನೇ ಅಧ್ಯಾಯದ ಬೆನ್ನೆಲುಬು ಮಾಡಬೇಕೆಂದು ಅಲ್ಲೇ ಗೊತ್ತಾಯಿತು.

“ಹಳದಿ ಬ್ಯಾಡ?” ಮೆಲ್ಲಗೆ ಕೇಳಿದೆ.

“ಅದೂ ಬರೀರಿ.” ಗಡ್ಡದೊಳಗೆ ನಕ್ಕ ಹಾಗಾಯಿತು. “ಊರಿಗೆಲ್ಲ ಗೊತ್ತೈತಿ. ಅವ್ರಿಗೆ ಗೊತ್ತೈತಿ ಅಂತ ನನಗೂ ಗೊತ್ತೈತಿ. ಸಾಕಾತು. ಆದ್ರ ಒಂದ್ ಕರಾರು.”

ನಮೂನೆ ಕಸಿದುಕೊಂಡು ಹಿಂದೆ ತಿರುಗಿಸಿದರು. ಖಾಲಿ ಬೆನ್ನಿನ ಮೇಲೆ, ಬಲ ತುದಿಯಿಂದ, ಉರ್ದುವಿನಲ್ಲಿ ಬರೆಯತೊಡಗಿದರು. ಆ ಕೈಯ ವೇಗವನ್ನು ನಾನು ಅಲ್ಲಿಯವರೆಗೂ ನೋಡಿರಲಿಲ್ಲ. ಅಳತೆಯಿಲ್ಲ, ತಡೆಯಿಲ್ಲ, ಎಡಕ್ಕೆ ಜಾಗ ಬೇಕಾದಷ್ಟಿತ್ತು. ಐದಾರು ಸಾಲು ಬರೆದು ನನ್ನ ಮುಂದೆ ಸರಿಸಿದರು.

“ಓದ್ರಿ.”

“ಬರಂಗಿಲ್ಲ ಉಸ್ತಾದ್ರ.”

“ಓದಾಕ ಬರಂಗಿಲ್ಲೇನ್ ಮತ್ತ ನಿಮಗ?”

ನಾನಾಡಿದ್ದ ಅದೇ ಮಾತು, ಅದೇ ಧಾಟಿ. ಕಣ್ಣಲ್ಲಿ ನೀರು ಬಂತು. ಅವರು ಆಮೇಲೆ ಹಾಳೆ ತೆಗೆದುಕೊಂಡು, ನಾನು ಮಾಡಿದ ಹಾಗೆಯೇ ಸಾಲು ಸಾಲಾಗಿ ಬಿಡಿಸಿ ಓದಿ ಹೇಳಿದರು. ತನ್ನ ಕೆಲಸದ ಬಗ್ಗೆ ನಿಜವಿದ್ದದ್ದನ್ನೆಲ್ಲ ಬರೆಯಬಹುದು. ಹೆಸರನ್ನೂ ಹಾಕಬಹುದು. ಆದರೆ ಕನ್ನಡದಲ್ಲಿ ಹೆಸರು ಬರುವ ಕಡೆಯೆಲ್ಲ ಅದು ತನ್ನ ಕೈಯಿಂದಲೇ ಬರೆದದ್ದಿರಬೇಕು.

“ಮಷೀನ್ ಅಕ್ಷರದಾಗ ಯಾರ ಹೆಸರು ಹಾಕ್ಯಾರೋ ನನಗೇನ್ ಗೊತ್ತು? ನಾನ ಬರದದ್ದಾದ್ರ ಅದು ನಂದ ಅಂತ ಗೊತ್ತಿರ್ತೈತಿ” ಎಂದು ಪೆನ್ನು ನನ್ನ ಕೈಗಿಟ್ಟರು. “ಒಪ್ಪಿಗಿ ಇದ್ರ ಸೈ ಮಾಡ್ರಿ.”

ಒಂದಕ್ಷರವೂ ತಿಳಿಯದ ಬರಹದ ಕೆಳಗೆ ಸಹಿ ಹಾಕುವುದು ಸುಲಭವಲ್ಲ. ಪೆನ್ನು ಎಲ್ಲಿಡಬೇಕೆಂದೇ ಗೊತ್ತಾಗದೆ ಕೈ ಹಾಳೆಯ ಮೇಲೆ ಅಲ್ಲಿ ಇಲ್ಲಿ ಆಡಿತು. ಅವರು ಬೆರಳಿಟ್ಟು ತೋರಿಸಿದಲ್ಲಿ ಹಾಕಿದೆ.

ಉಳಿದದ್ದು ಬರೀ ದುಡಿತ. ಸೋಮವಾರದೊಳಗೆ ನಾಲ್ಕನೇ ಅಧ್ಯಾಯ ಹೊಸದಾಗಿ ಬರೆಯಲು ಸಾಧ್ಯವಿರಲಿಲ್ಲ. ಭಕ್ತಿಯ ವಾದವನ್ನು ಪೂರ್ತಿ ತೆಗೆದು, ಬಣ್ಣ ಒಂದರ ಮೇಲೊಂದು ಹತ್ತಿದ ಫೋಟೋಗಳು, ಕೋಲು, ಬಲದಿಂದ ಎಡಕ್ಕೆ ಅಳತೆಗಳು, ಅವರದೇ ಮಾತುಗಳು, ಇಷ್ಟನ್ನು ಹದಿನಾಲ್ಕು ಪುಟದಲ್ಲಿ ಹಿಡಿದಿಟ್ಟೆ. ಸೆಮಿನಾರಿನವರಿಗೆ ಲೇಖನ ಹಿಂದಕ್ಕೆ ಪಡೆಯುತ್ತೇನೆಂದು ಪತ್ರ ಹಾಕಿದೆ. ಮಾರ್ಗದರ್ಶಕರು, “ಕಿರೀಟ ತೆಗೆದು ಟವೆಲು ಸುತ್ತಿದ್ದೀರಿ” ಎಂದು ಬೇಸರದಿಂದಲೇ ಸಹಿ ಮಾಡಿದರು. ಗಡುವಿನ ದಿನ ಕಚೇರಿ ಮುಚ್ಚುವ ಹೊತ್ತಿಗೆ ಪ್ರತಿಗಳನ್ನು ಒಪ್ಪಿಸಿ ಹೊರಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗೆದ್ದೆ ಅನ್ನಿಸಲಿಲ್ಲ. ಕಾಲು ನೋಯುತ್ತಿದ್ದವು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಪುಟ ತಿರುಗಿಸುತ್ತ, ಕಲಾವಿದನ ಹೆಸರು ಬರುವ ಕಡೆಯೆಲ್ಲ ಯಾಕೆ ಚಿತ್ರ ಅಂಟಿಸಿದ್ದೀರಿ, ಟೈಪ್ ಮಾಡಬಹುದಿತ್ತಲ್ಲ ಎಂದು ಕೇಳಿದರು. ಅದು ಚಿತ್ರವಲ್ಲ, ಹೆಸರು ಎಂದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಮೊದಲ ಅಕ್ಷರ ಸ್ವಲ್ಪ ಇಕ್ಕಟ್ಟಾಗಿದೆ” ಎಂದರು. ಪದವಿ ಕೊಟ್ಟರು.

ಇದನ್ನು ಬರೆದು ಮುಗಿಸಿದ ಮೇಲೆ ಕೂಡ್ಲಿಗಿಗೆ ಹೋಗಿ ಉಸ್ತಾದರಿಗೆ ಮೊದಲಿನಿಂದ ಓದಿ ಹೇಳಿದೆ. ಹಗರಿ ಬತ್ತಿದ್ದು ಕೇಳಿ ನಕ್ಕರು, ಬೇರೆಲ್ಲೂ ತಡೆಯಲಿಲ್ಲ. ಹೊರಡುವಾಗ ಕರಾರನ್ನು ನೆನಪಿಸಿದರು. ಇಷ್ಟನ್ನೂ ನಾನು ಟೈಪ್ ಮಾಡಿದ್ದೇನೆ. ಅದಕ್ಕೇ ಇದರಲ್ಲಿ ಎಲ್ಲೂ ಅವರ ಹೆಸರಿಲ್ಲ.